ಮೊದಲು ಮಾದರಿ, ಆಮೇಲೆ ಅಸಲು



ನಾನು ಕಾಮರ್ಸ್ ವಿದ್ಯಾರ್ಥಿನಿ. ಕಂಪ್ಯೂಟರ್ ಸೈನ್ಸ್ ಇರುವ ಸಿ.ಇ.ಬಿ.ಎ. ತೆಗೆದುಕೊಂಡಿದ್ದೇನೆ. ನಮ್ಮ ಮನೆ ಸಿಂಧನೂರಿನಲ್ಲಿದೆ. ದಾದಿ ಲಿಂಗಸುಗೂರಿನಲ್ಲಿದ್ದಾರೆ, ಅಮ್ಮಿಯ ತವರು ಮಸ್ಕಿ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಈ ಲೇಖನದ ವಿಷಯ ಕೇಳಿದರೆ ಸಣ್ಣದು ಅನ್ನಿಸಬಹುದು. ಧ್ವನಿ ನುಡಿಸುವ ಯಂತ್ರವನ್ನೋ ತಂತ್ರಾಂಶವನ್ನೋ ನಂಬುವ ಮೊದಲು ಒಂದು ಮಾದರಿ ಧ್ವನಿಯಿಂದ ಪರೀಕ್ಷೆ ಮಾಡುವುದು ಹೇಗೆ, ಯಾಕೆ ಎಂಬುದನ್ನು ಹೇಳಲಿದ್ದೇನೆ. ಇದನ್ನು ನಾನು ಪುಸ್ತಕದಿಂದ ಕಲಿತಿಲ್ಲ, ನಷ್ಟದಿಂದ ಕಲಿತೆ. ಆ ನಷ್ಟದ ಮಾತನ್ನೇ ಮೊದಲು ಹೇಳುತ್ತೇನೆ.

ಎರಡು ಕ್ಯಾಸೆಟ್

ನಮ್ಮ ದಾದಾ ನಾನು ಹುಟ್ಟುವ ಮೊದಲೇ ತೀರಿಕೊಂಡರು. ಅವರ ಫೋಟೋ ಎರಡಿವೆ. ಧ್ವನಿ ಮಾತ್ರ ನಾನು ಕೇಳಿರಲಿಲ್ಲ. ಬಡೇ ಅಬ್ಬಾ ಜಿದ್ದಾದಲ್ಲಿ ಕೆಲಸಕ್ಕಿದ್ದಾಗ ಫೋನ್ ಮಾಡುವುದು ಬಹಳ ದುಬಾರಿ. ಆಗ ಎಷ್ಟೋ ಮನೆಗಳಲ್ಲಿ ಪತ್ರದ ಬದಲು ಕ್ಯಾಸೆಟ್ ಕಳಿಸುತ್ತಿದ್ದರು. ಊರಿಗೆ ಬಂದು ಹೋಗುವವರ ಕೈಯಲ್ಲಿ ಕೊಟ್ಟರೆ ಅದು ಮುಟ್ಟುತ್ತಿತ್ತು. ದಾದಾ ಹಾಗೆ ಮಾತಾಡಿ ಕಳಿಸಿದ ಎರಡು ಕ್ಯಾಸೆಟ್‌ಗಳನ್ನು ಬಡೇ ಅಬ್ಬಾ ವಾಪಸ್ ತಂದಿದ್ದರು. ದಾದಿ ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು.

ಹೋದ ವರ್ಷ ರಜೆಯಲ್ಲಿ ಅವನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಎಂದು ನಾನೇ ಜಂಬ ಕೊಚ್ಚಿಕೊಂಡೆ. ಅಟ್ಟದ ಮೇಲಿದ್ದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ, ಧೂಳು ಒರೆಸಿ, ಪ್ಲಗ್ ಹಾಕಿದೆ. ದೀಪ ಹತ್ತಿತು. ದೀಪ ಹತ್ತಿದರೆ ಎಲ್ಲ ಸರಿ ಎಂದುಕೊಂಡು ಮೊದಲ ಕ್ಯಾಸೆಟ್ ಹಾಕಿ ಒತ್ತಿದೆ. ಒಂದು ಕ್ಷಣ ಯಾರೋ ಮಾತಾಡಿದ ಹಾಗಾಯಿತು. ಆಮೇಲೆ ಕರಕರ ಎಂದು ನಿಂತಿತು. ಮುಚ್ಚಳ ತೆಗೆದು ನೋಡಿದರೆ ಟೇಪು ರಬ್ಬರ್ ಉರುಳೆಗೆ ಸುತ್ತಿಕೊಂಡು ಮುದ್ದೆಯಾಗಿತ್ತು. ಬಿಡಿಸುವಾಗ ಎರಡು ಕಡೆ ಹರಿಯಿತು, ಉಳಿದದ್ದು ನೆರಿಗೆ ಬಿದ್ದು ಕೆಟ್ಟಿತು. ದಾದಿ ನನಗೆ ಏನೂ ಅನ್ನಲಿಲ್ಲ. ಎರಡನೆಯ ಕ್ಯಾಸೆಟ್ ತೆಗೆದು ಮತ್ತೆ ಡಬ್ಬಿಯಲ್ಲಿಟ್ಟು ಮುಚ್ಚಿದರು. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮಾದರಿ ಎಂದರೇನು?

ನಮ್ಮ ಮಾಮು ಮದುವೆ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಾರೆ. ಅವರು ನನ್ನನ್ನು ಸಿಂಧನೂರಿನ ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನ ಕಥೆ ಕೇಳಿ ಒಂದೇ ಪ್ರಶ್ನೆ ಕೇಳಿದರು: "ತಂಗಿ, ಮೊದಲ ಒಂದು ಕಸದ ಕ್ಯಾಸೆಟ್ ಹಾಕಿ ನೋಡಲಿಲ್ಲೇನು?"

ಇಡೀ ವಿಷಯ ಆ ಪ್ರಶ್ನೆಯಲ್ಲಿದೆ. ಹೋದರೆ ಹೋಗಲಿ ಎನ್ನಬಹುದಾದ, ಒಳಗೆ ಏನಿದೆ ಎಂದು ನಮಗೆ ಮೊದಲೇ ಗೊತ್ತಿರುವ ಒಂದು ಧ್ವನಿಯೇ ಮಾದರಿ. ಈ ಎರಡೂ ಗುಣ ಬೇಕು. ಕೆಟ್ಟರೆ ನಷ್ಟವಾಗಬಾರದು, ಮತ್ತು ಸರಿಯಾದ ಉತ್ತರ ನಮ್ಮ ಹತ್ತಿರ ಮೊದಲೇ ಇರಬೇಕು. ಯಂತ್ರದಿಂದ ಬಂದ ಧ್ವನಿ ಆ ಉತ್ತರಕ್ಕೆ ತಾಳೆಯಾದರೆ ಯಂತ್ರ ಸರಿ, ಆಗದಿದ್ದರೆ ದೋಷ ಯಂತ್ರದಲ್ಲಿದೆ.

ನಮ್ಮ ಊರಿನವರಿಗೆ ಇದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾಮಸೂರಿ ಭತ್ತ ಸಿಂಧನೂರಿನ ಮಾರುಕಟ್ಟೆಗೆ ಬಂದಾಗ ವ್ಯಾಪಾರಿ ಪ್ರತಿ ಚೀಲವನ್ನೂ ಸುರಿದು ನೋಡುವುದಿಲ್ಲ. ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಚ್ಚಿ, ದರ ಹೇಳುತ್ತಾನೆ. ಆ ಹಿಡಿಯೇ ಸ್ಯಾಂಪಲ್. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ಕಾಳು ಹೇಗಿದೆ ಎಂದು ತಿಳಿಯಲು ಸ್ಯಾಂಪಲ್ ತೆಗೆಯುತ್ತಾರೆ. ನಾವು ಕಾಳನ್ನು ಮೊದಲೇ ಬಲ್ಲೆವು, ತಕ್ಕಡಿ ಹೇಗಿದೆ ಎಂದು ತಿಳಿಯಬೇಕಾಗಿದೆ. ತಕ್ಕಡಿಯಲ್ಲಿ ಒಂದು ಕಿಲೋ ಬಟ್ಟು ಇಟ್ಟು ನೋಡಿದ ಹಾಗೆ.

ಮಸ್ಕಿಯ ಕಲ್ಲೂ ನನಗೆ ಇದೇ ಪಾಠ ಹೇಳುತ್ತದೆ. ದೇಶದಲ್ಲಿ ಮೊದಲೇ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅವು ಅಶೋಕನವೇ ಎಂದು ವಿದ್ವಾಂಸರು ಬೇರೆ ಗ್ರಂಥಗಳ ಆಧಾರದಿಂದ ಹೇಳಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಆ ಒಂದು ಕಲ್ಲಿನ ಮುಂದೆ ಇಟ್ಟು ನೋಡಿದಾಗ ಉಳಿದ ಕಲ್ಲುಗಳ ಓದು ಸರಿ ಎಂಬುದು ಗಟ್ಟಿಯಾಯಿತು. ಹೆಸರು ಗೊತ್ತಿರುವ ಒಂದು ವಸ್ತು ಇದ್ದರೆ ಉಳಿದದ್ದನ್ನು ಅಳೆಯಬಹುದು.

ಸ್ವಲ್ಪ ಲೆಕ್ಕ

ಸ್ಯಾಂಪಲ್ ಎಂಬ ಮಾತಿಗೆ ಧ್ವನಿ ತಂತ್ರಜ್ಞಾನದಲ್ಲಿ ಇನ್ನೊಂದು ಅರ್ಥವೂ ಇದೆ. ಗೊಂದಲ ಆಗದಿರಲಿ ಎಂದು ಅದನ್ನೂ ಹೇಳುತ್ತೇನೆ. ಕಂಪ್ಯೂಟರ್ ಧ್ವನಿಯನ್ನು ಸಂಖ್ಯೆಗಳಾಗಿ ಬರೆದುಕೊಳ್ಳುತ್ತದೆ. ಆಡಿಯೋ ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಳತೆ ತೆಗೆಯುತ್ತಾರೆ. ಆ ಒಂದೊಂದು ಅಳತೆಗೂ ಸ್ಯಾಂಪಲ್ ಎಂದೇ ಹೆಸರು. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಅಳತೆ ಬೇಕು, ಅದಕ್ಕೇ 40,000ಕ್ಕಿಂತ ಹೆಚ್ಚಿನ ಆ ಸಂಖ್ಯೆ.

ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಒಂದು ನಿಮಿಷಕ್ಕೆ ಸುಮಾರು 10.6 ಎಂಬಿ. ಅದನ್ನೇ 128 ಕಿಲೋಬಿಟ್‌ನ ಎಂಪಿ3 ಮಾಡಿದರೆ ನಿಮಿಷಕ್ಕೆ ಒಂದು ಎಂಬಿಗಿಂತ ಕಡಿಮೆ. ಹನ್ನೊಂದು ಭಾಗದಲ್ಲಿ ಹತ್ತು ಭಾಗವನ್ನು ಬಿಟ್ಟರೂ ಕಿವಿಗೆ ಹೆಚ್ಚು ವ್ಯತ್ಯಾಸ ಗೊತ್ತಾಗದ ಹಾಗೆ ಮಾಡಿದ್ದು ಆ ತಂತ್ರದ ಜಾಣತನ.

ಆ ಜಾಣತನ ಬಂದದ್ದೂ ಮಾದರಿ ಧ್ವನಿಯ ಪರೀಕ್ಷೆಯಿಂದಲೇ. ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಈ ವಿಧಾನವನ್ನು ತಿದ್ದುವಾಗ ಸುಝಾನ್ ವೇಗಾ ಅವರ "ಟಾಮ್ಸ್ ಡೈನರ್" ಎಂಬ ಹಾಡನ್ನು ಮತ್ತೆ ಮತ್ತೆ ಬಳಸಿದರು. ಅದರಲ್ಲಿ ವಾದ್ಯವಿಲ್ಲ, ಒಂಟಿ ಹೆಣ್ಣುಧ್ವನಿ ಮಾತ್ರ. ವಾದ್ಯಗಳ ಗದ್ದಲದಲ್ಲಿ ತಪ್ಪು ಮುಚ್ಚಿಹೋಗುತ್ತದೆ, ಒಂಟಿ ಧ್ವನಿಯಲ್ಲಿ ಮುಚ್ಚುವುದಿಲ್ಲ. ಮೊದಮೊದಲು ಆ ಹಾಡು ಕೆಟ್ಟದಾಗಿ ಬರುತ್ತಿತ್ತು. ಅದು ಚೆನ್ನಾಗಿ ಬರುವವರೆಗೆ ಅವರು ತಿದ್ದಿದರು. 1995ರ ಜುಲೈ 14ರಂದು ಈ ಫೈಲುಗಳಿಗೆ ಎಂಪಿ3 ಎಂಬ ಹೆಸರು ನಿಶ್ಚಯವಾಯಿತು. ನಮಗೆ ಇದರಿಂದ ಒಂದು ಪಾಠ ಇದೆ: ಪರೀಕ್ಷೆಗೆ ಸುಲಭದ ಧ್ವನಿ ಬೇಡ, ತಪ್ಪನ್ನು ತೋರಿಸುವ ಧ್ವನಿ ಬೇಕು.

ಆರು ಫೈಲುಗಳು

ಈಗ ಕೆಲಸಕ್ಕೆ ಬರುವ ಭಾಗ. ಆಡಾಸಿಟಿ ಎಂಬ ಉಚಿತ ತಂತ್ರಾಂಶ 2000ನೇ ಇಸವಿಯಿಂದ ಸಿಗುತ್ತಿದೆ. ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅದರ "ಜನರೇಟ್" ಮೆನುವಿನಲ್ಲಿ ಬೇಕಾದ ಧ್ವನಿಯನ್ನು ನಾವೇ ತಯಾರಿಸಬಹುದು. ನಾನು ಒಂದು ಪೆನ್‌ಡ್ರೈವ್‌ನಲ್ಲಿ ಇವನ್ನು ಇಟ್ಟುಕೊಂಡಿದ್ದೇನೆ.

ಒಂದು, ಮೌನ. ಮೂವತ್ತು ಸೆಕೆಂಡು ಏನೂ ಇಲ್ಲದ ಫೈಲ್. ಇದನ್ನು ನುಡಿಸಿದಾಗ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಂದರೆ ಅದು ಫೈಲಿನದಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅರ್ಥಿಂಗ್ ಅಥವಾ ವೈರು ಸರಿಯಿಲ್ಲದಿದ್ದರೆ ಆ 50, 100 ಹರ್ಟ್ಸ್ ಗುಂಯ್ ಸದ್ದು ಒಳಗೆ ನುಸುಳುತ್ತದೆ.

ಎರಡು, 1000 ಹರ್ಟ್ಸ್‌ನ ಒಂದೇ ಸ್ವರ, ಹತ್ತು ಸೆಕೆಂಡು. ಇದು ಒಂದೇ ಸಮನೆ ಕೇಳಬೇಕು. ವಾಲ್ಯೂಮ್ ಏರಿಸುತ್ತ ಹೋದಾಗ ಸ್ವರ ಒರಟಾದರೆ ಆಂಪ್ಲಿಫೈಯರಿನ ಶಕ್ತಿ ಅಲ್ಲಿಗೆ ಮುಗಿಯಿತು ಎಂದರ್ಥ. ಇದನ್ನು ತಯಾರಿಸುವಾಗ ಆಂಪ್ಲಿಟ್ಯೂಡ್ 0.1 ಇಡಿ. ಜೋರಾದ ಒಂಟಿ ಸ್ವರ ಬಹಳ ಹೊತ್ತು ಹಾಕಿದರೆ ಸ್ಪೀಕರ್ ಸುಡಬಹುದು, ಕಿವಿಗೂ ಒಳ್ಳೆಯದಲ್ಲ.

ಮೂರು, 20ರಿಂದ 20,000 ಹರ್ಟ್ಸ್‌ವರೆಗೆ ಏರುವ ಸ್ವರ. ಆಡಾಸಿಟಿಯಲ್ಲಿ ಇದಕ್ಕೆ "ಚರ್ಪ್" ಎನ್ನುತ್ತಾರೆ. ಮೊಬೈಲಿನ ಸ್ಪೀಕರಿನಲ್ಲಿ ಹಾಕಿ ನೋಡಿ, ಮೊದಲಿಗೆ ಏನೂ ಕೇಳುವುದಿಲ್ಲ. ಸಣ್ಣ ಸ್ಪೀಕರಿಗೆ ತಗ್ಗಿನ ಸ್ವರ ಹೊರಡಿಸಲು ಆಗುವುದಿಲ್ಲ. ನಡುವೆ ಎಲ್ಲಾದರೂ ಗಡಗಡ ನಡುಗಿದರೆ ಪೆಟ್ಟಿಗೆಯ ಯಾವುದೋ ಸ್ಕ್ರೂ ಸಡಿಲಾಗಿದೆ.

ನಾಲ್ಕು, ಎಡಗಡೆ ಮಾತ್ರ "ಎಡ", ಬಲಗಡೆ ಮಾತ್ರ "ಬಲ" ಎನ್ನುವ ನನ್ನ ಧ್ವನಿ. ಎರಡರಲ್ಲಿ ಒಂದೇ ಕೇಳಿದರೆ ವೈರು ಬಿಟ್ಟಿದೆ. ಅದಲು ಬದಲಾಗಿ ಕೇಳಿದರೆ ಪಿನ್ನು ತಿರುಗುಮುರುಗಾಗಿದೆ.

ಐದು, ಮಾತು. ನಾನು ಕನ್ನಡದಲ್ಲೂ ಉರ್ದುವಿನಲ್ಲೂ ಕೆಲವು ಪದ ಹೇಳಿ ರೆಕಾರ್ಡ್ ಮಾಡಿದ್ದೇನೆ: ಸಾಸಿವೆ, ಶಾಲೆ, ಷರತ್ತು, ಖಬರ್, ಜರೂರ್, ಫಸಲ್. ಸಕಾರದಂಥ ಅಕ್ಷರಗಳ ಸದ್ದು 4000 ಹರ್ಟ್ಸ್‌ಗಿಂತ ಮೇಲೆ ಹೆಚ್ಚಿರುತ್ತದೆ. ಹಳೆಯ ಫೋನ್ ಲೈನು ದಾಟಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಫೋನಿನಲ್ಲಿ ಹೆಸರು ಹೇಳಿದರೆ "ಸಲ್ಮಾನ" ಎನ್ನುವುದು ಇನ್ನೇನೋ ಕೇಳಿ, ಮತ್ತೆ ಬಿಡಿಸಿ ಹೇಳಬೇಕಾಗುತ್ತಿದ್ದದ್ದು ಅದಕ್ಕೇ. ಮೈಕಿನಲ್ಲಿ ಸಾಸಿವೆ ಸ್ಪಷ್ಟವಾಗಿ ಬಂದರೆ ಭಾಷಣವೂ ಸ್ಪಷ್ಟವಾಗಿ ಬರುತ್ತದೆ. ಸ್ವಂತ ಧ್ವನಿ ಬಳಸಿದರೆ ಯಾರ ಹಾಡನ್ನೂ ಅನುಮತಿಯಿಲ್ಲದೆ ಹಂಚಿದಂತಾಗುವುದಿಲ್ಲ.

ಆರು, ಅದೇ ಮಾತು ನಾಲ್ಕು ಬಗೆಯ ಫೈಲಾಗಿ: ವೇವ್, ಎಂಪಿ3, ಎಂ4ಎ, ಓಜಿಜಿ. ಎಂ4ಎ ಆಗಿ ಉಳಿಸಲು ಆಡಾಸಿಟಿಗೆ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶ ಬೇಕು.

ಈ ಆರನೆಯದರ ಹಿಂದೆ ನನ್ನ ಇನ್ನೊಂದು ತಪ್ಪಿದೆ. ಒಂದು ಕಾರ್ಯಕ್ರಮದಲ್ಲಿ ನಾಡಗೀತೆ ಹಾಕುವ ಜವಾಬ್ದಾರಿ ನನ್ನದಾಗಿತ್ತು. ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನುಡಿದಿತ್ತು. ಪೆನ್‌ಡ್ರೈವ್ ತೆಗೆದು ಸ್ಪೀಕರ್ ಪೆಟ್ಟಿಗೆಗೆ ಚುಚ್ಚಿದರೆ ಸದ್ದೇ ಇಲ್ಲ. ಎಲ್ಲರೂ ಎದ್ದು ನಿಂತಿದ್ದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಾನೇ ಹಾಡಲು ಶುರು ಮಾಡಿದಳು, ಎಲ್ಲರೂ ದನಿಗೂಡಿಸಿದರು, ಮಾನ ಉಳಿಯಿತು. ಆಮೇಲೆ ನೋಡಿದರೆ ಅದು ಎಂ4ಎ ಫೈಲು, ಪೆಟ್ಟಿಗೆಗೆ ಗೊತ್ತಿದ್ದದ್ದು ಎಂಪಿ3 ಮತ್ತು ವೇವ್ ಮಾತ್ರ. ಹೆಸರಿನ ಕೊನೆ ಬದಲಿಸಿ ಎಂಪಿ3 ಎಂದು ಬರೆದರೆ ಫೈಲು ಎಂಪಿ3 ಆಗುವುದಿಲ್ಲ. ಅಕ್ಕಿ ಚೀಲದ ಮೇಲೆ ಸಕ್ಕರೆ ಎಂದು ಬರೆದ ಹಾಗಾಗುತ್ತದೆ. ತಂತ್ರಾಂಶದಲ್ಲಿ ತೆರೆದು, ಹೊಸ ಬಗೆಯಲ್ಲಿ ಉಳಿಸಬೇಕು. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಕೂಡ ನೋಡಬೇಕು. ಇಂಥ ಎಷ್ಟೋ ಪೆಟ್ಟಿಗೆಗಳು ಫ್ಯಾಟ್32 ಮಾತ್ರ ಓದುತ್ತವೆ. ಲ್ಯಾಪ್‌ಟಾಪಿನಲ್ಲಿ ನುಡಿದದ್ದು ಲ್ಯಾಪ್‌ಟಾಪಿಗೆ ಸಾಕ್ಷಿಯೇ ಹೊರತು ಪೆಟ್ಟಿಗೆಗೆ ಅಲ್ಲ. ಯಾವ ಯಂತ್ರದಲ್ಲಿ ನುಡಿಸಬೇಕೋ ಅದರಲ್ಲೇ ಪರೀಕ್ಷೆ ಆಗಬೇಕು.

ಎರಡನೆಯ ಕ್ಯಾಸೆಟ್

ಈಗ ದಾದಾ ಕಡೆಗೆ ಬರುತ್ತೇನೆ. ಮೆಕ್ಯಾನಿಕ್ ತಮ್ಮ ಡೆಕ್ ಒಂದನ್ನು ತೆಗೆದು, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಹೆಡ್ ಮತ್ತು ಉರುಳೆ ಒರೆಸಿದರು. ಬೇಡವಾದ ಕ್ಯಾಸೆಟ್ ಹಾಕಿ ಎರಡೂ ಕಡೆ ಪೂರ್ತಿ ಓಡಿಸಿದರು. ಟೇಪು ಸಿಕ್ಕಿಕೊಳ್ಳಲಿಲ್ಲ. ಡೆಕ್‌ನಿಂದ ಕಂಪ್ಯೂಟರಿಗೆ ವೈರು ಹಾಕಿ, ಅದೇ ಬೇಡದ ಕ್ಯಾಸೆಟ್‌ನಿಂದ ಮಟ್ಟ ಹೊಂದಿಸಿದೆವು. ಆಡಾಸಿಟಿಯ ಪಟ್ಟಿ 0 ಮುಟ್ಟಿದರೆ ಧ್ವನಿಯ ತುದಿ ಕತ್ತರಿಸಿ ಹೋಗುತ್ತದೆ, ಮತ್ತೆ ಬರುವುದಿಲ್ಲ. ಅದಕ್ಕೆ ಜೋರಾದ ಮಾತೂ ಮೈನಸ್ 6ರ ಹತ್ತಿರ ನಿಲ್ಲುವಂತೆ ಇಟ್ಟೆವು. ಆಮೇಲೆ ದಾದಿಯ ಒಪ್ಪಿಗೆ ಪಡೆದು ಎರಡನೆಯ ಕ್ಯಾಸೆಟ್ ಹಾಕಿದೆವು. ಒಂದೇ ಸಲ ಓಡಿಸಿ ವೇವ್ ಫೈಲಾಗಿ ಹಿಡಿದೆವು. ಒಂದು ಬದಿಯ ಅರ್ಧ ಗಂಟೆಗೆ, ಒಂದೇ ಚಾನೆಲ್‌ನಲ್ಲಿ, ಸುಮಾರು 159 ಎಂಬಿ.

ಲಿಂಗಸುಗೂರಿಗೆ ಹೋಗಿ ಮೊಬೈಲಿನಲ್ಲಿ ದಾದಿಗೆ ಕೇಳಿಸಿದೆ. ಅವರು ಗಮನವಿಟ್ಟು ಕೇಳಿ, ತಲೆ ಅಲ್ಲಾಡಿಸಿ, "ಯೇ ಉನ್ಕಿ ಆವಾಜ್ ನೈ, ಬೇಟಾ" ಎಂದರು. ಮಾತು ಅವರದೇ, ಹೇಳಿದ ಹೆಸರುಗಳೂ ನಮ್ಮ ಮನೆಯವೇ, ಆದರೆ ದನಿ ಅವರದಲ್ಲವಂತೆ. ಇಷ್ಟು ವರ್ಷಗಳಾದ ಮೇಲೆ ದಾದಿ ಮರೆತಿದ್ದಾರೆ ಎಂದೇ ನಾವೆಲ್ಲ ಅಂದುಕೊಂಡೆವು. ಅದನ್ನು ಅವರ ಎದುರಿಗೇ ಅಂದೆವು. ಅದು ನನ್ನ ಮೂರನೆಯ ತಪ್ಪು.

ಮೆಕ್ಯಾನಿಕ್‌ಗೆ ಹೇಳಿದಾಗ ಅವರು, "ಅಜ್ಜಿ ಮರೆತಿರಲಿಕ್ಕಿಲ್ಲ, ಡೆಕ್ ಮರೆತಿರಬೇಕು" ಎಂದು ಹುಡುಕಿ ಒಂದು ಪರೀಕ್ಷಾ ಕ್ಯಾಸೆಟ್ ತೆಗೆದರು. ಅದರಲ್ಲಿ 3000 ಹರ್ಟ್ಸ್‌ನ ಒಂದೇ ಸ್ವರ ಇರುತ್ತದೆ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು ಎಂಬುದು ನಿಯಮ. ಅಷ್ಟೇ ಓಡಿದರೆ 3000 ಬರುತ್ತದೆ. ನಿಧಾನವಾದರೆ ಕಡಿಮೆ ಬರುತ್ತದೆ. ರೆಕಾರ್ಡ್ ಮಾಡಿ ಆಡಾಸಿಟಿಯ "ಪ್ಲಾಟ್ ಸ್ಪೆಕ್ಟ್ರಮ್" ನೋಡಿದೆವು. ಬಂದದ್ದು 2850. ನಾವು ಮೊದಲೇ ಮಾಡಬೇಕಿದ್ದ ಪರೀಕ್ಷೆ ಇದು. ಟೇಪು ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಿದ್ದೆವು, ವೇಗ ನೋಡಿರಲಿಲ್ಲ.

ಡೆಕ್ ನೂರಕ್ಕೆ ಐದರಷ್ಟು ನಿಧಾನ ಓಡುತ್ತಿತ್ತು. ಆದ್ದರಿಂದ ದಾದಾ ದನಿ ಅಷ್ಟೇ ತಗ್ಗಿ, ಎಳೆದೆಳೆದು ಬಂದಿತ್ತು. ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರಕ್ಕಿಂತ ಇದು ತುಸು ಕಡಿಮೆ. ನಮಗೆ ಗೊತ್ತಾಗದ ಆ ವ್ಯತ್ಯಾಸ ದಾದಿಗೆ ಗೊತ್ತಾಗಿತ್ತು.

ಒಳ್ಳೆಯದೆಂದರೆ ನಿಧಾನ ಒಂದೇ ಸಮನೆ ಇತ್ತು, ಏರಿಳಿತ ಇರಲಿಲ್ಲ. ಹಾಗಾಗಿ ಕ್ಯಾಸೆಟ್ ಮತ್ತೆ ಓಡಿಸದೆ ಫೈಲಿನಲ್ಲೇ ಸರಿಪಡಿಸಬಹುದಿತ್ತು. ಇಲ್ಲಿ ಕಾಮರ್ಸ್ ಕೆಲಸಕ್ಕೆ ಬಂತು. ನೂರಕ್ಕೆ ಐದು ಕಡಿಮೆ ಇದೆ ಎಂದು ಐದು ಸೇರಿಸಿದರೆ ತಪ್ಪು. 100 ರೂಪಾಯಿ ಮಾಲಿಗೆ 5 ರೂಪಾಯಿ ಇಳಿಸಿ 95ಕ್ಕೆ ಕೊಟ್ಟರೆ, ಮತ್ತೆ 100 ಮಾಡಲು 95ರ ಮೇಲೆ ಶೇಕಡಾ 5.26 ಏರಿಸಬೇಕು. 3000ವನ್ನು 2850ರಿಂದ ಭಾಗಿಸಿದರೂ ಅದೇ ಬರುತ್ತದೆ. ಮೂಲ ಫೈಲಿನ ಪ್ರತಿ ಮಾಡಿಕೊಂಡು, ಪ್ರತಿಯ ವೇಗವನ್ನು ಶೇಕಡಾ 5.263 ಏರಿಸಿದೆ.

ಮೊಬೈಲೂ ದನಿಯನ್ನು ಕೆಡಿಸುತ್ತಿತ್ತು ಎಂದು ಏರುವ ಸ್ವರದ ಫೈಲಿನಿಂದ ಗೊತ್ತಾಗಿತ್ತಲ್ಲ, ಈ ಸಲ ಮಾಮುವಿನ ದೊಡ್ಡ ಸ್ಪೀಕರ್ ಒಯ್ದೆವು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬೇಡ ಎಂಬ ನಿಯಮ ನೆನಪಿಟ್ಟು ಸಂಜೆಯೇ, ಸಣ್ಣ ದನಿಯಲ್ಲಿ ಹಾಕಿದೆವು. ದಾದಾ ತುಂಬ ಜೋರಾಗಿ ಮಾತಾಡಿದ್ದರು. ದಾದಿ ಕೇಳುತ್ತ ಕೇಳುತ್ತ ನಕ್ಕರು. ಜಿದ್ದಾ ದೂರದ ಊರು, ಕೂಗಿ ಹೇಳಿದರೇ ಮಗನಿಗೆ ಕೇಳುತ್ತದೆ ಎಂದು ಅವರು ಟೇಪ್ ರೆಕಾರ್ಡರ್ ಮುಂದೆ ಕೂಗುತ್ತಿದ್ದರಂತೆ. ಆ ಮೇಲೆ ದಾದಿ ನಗಲಿಲ್ಲ. ಎರಡೂ ಬದಿ ಮುಗಿಯುವವರೆಗೆ ಎದ್ದೇಳಲಿಲ್ಲ. ನಾನು ಮಾಫಿ ಕೇಳಿದೆ.

ತಾಳೆಯಾದರೂ ತಪ್ಪಿರಬಹುದು

ಕೊನೆಗೆ ಒಂದು ಎಚ್ಚರಿಕೆ. ನಾವು ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್, ಅಂದರೆ ತಾಳೆಪಟ್ಟಿ ಕಲಿಯುತ್ತೇವೆ. ಡೆಬಿಟ್ ಕ್ರೆಡಿಟ್ ಸಮ ಬಂದರೆ ಲೆಕ್ಕ ಪೂರ್ತಿ ಸರಿ ಎಂದಲ್ಲ. ಒಂದು ವ್ಯವಹಾರವನ್ನು ಬರೆಯುವುದೇ ಬಿಟ್ಟಿದ್ದರೆ, ಅಥವಾ ಒಂದು ತಪ್ಪು ಇನ್ನೊಂದನ್ನು ಮುಚ್ಚಿದ್ದರೆ ತಾಳೆಪಟ್ಟಿಗೆ ಗೊತ್ತಾಗುವುದಿಲ್ಲ. ಮಾದರಿ ಧ್ವನಿಯೂ ಹಾಗೇ. ಪರೀಕ್ಷಾ ಕ್ಯಾಸೆಟ್ ನಮ್ಮ ಡೆಕ್‌ನ ವೇಗ ಹೇಳಿತು. ಅಂದು ದಾದಾ ಮಾತಾಡಿದ ಟೇಪ್ ರೆಕಾರ್ಡರ್ ಯಾವ ವೇಗದಲ್ಲಿ ಓಡುತ್ತಿತ್ತು ಎಂದು ಅದು ಹೇಳಲಾರದು. ಅದನ್ನು ಹೇಳಲು ಆ ದನಿಯನ್ನು ಬಲ್ಲವರೇ ಬೇಕು. ಯಂತ್ರದ ಪರೀಕ್ಷೆ ಮುಗಿದ ಮೇಲೆ ಮನುಷ್ಯರನ್ನು ಕೇಳಬೇಕು, ಅವರು ಇಲ್ಲ ಎಂದರೆ ನಂಬಬೇಕು.

ನಿಮ್ಮ ಮನೆಯಲ್ಲೂ ಕ್ಯಾಸೆಟ್‌ಗಳಿದ್ದರೆ ತಡ ಮಾಡಬೇಡಿ, ಆದರೆ ನನ್ನಂತೆ ಅವಸರವನ್ನೂ ಮಾಡಬೇಡಿ. ಮೊದಲು ಬೇಡದ ಕ್ಯಾಸೆಟ್, ಆಮೇಲೆ ವೇಗದ ಪರೀಕ್ಷೆ, ಆಮೇಲೆ ಅಸಲು. ಮೂಲ ಫೈಲನ್ನು ತಿದ್ದದೆ ಎರಡು ಕಡೆ ಇಡಿ. ಆರು ಫೈಲುಗಳು ಬೇಕಾದವರು ಪೆನ್‌ಡ್ರೈವ್ ತಂದು ನನ್ನಿಂದ ಪ್ರತಿ ಮಾಡಿಕೊಳ್ಳಬಹುದು. ಮುಂದಿನ ಕಾರ್ಯಕ್ರಮದ ಹಿಂದಿನ ದಿನ ಸಭಾಂಗಣದ ಪೆಟ್ಟಿಗೆಯಲ್ಲಿ ಅವನ್ನು ನಾನೇ ಹಾಕಿ ನೋಡುತ್ತೇನೆ.